ಆನೆಗೆ ಹೆದರುವ ಪುಟ್ಟನಂಜಮ್ಮ

ಈ ಸಂಗತಿಯನ್ನು ಮೊದಲು ಹೇಳಿದವರು, ತಮಿಳು ಸೀಮೆಗೆ ಸೇರಿದ ಕನ್ನಡದ ಊರು ತಿಗನಾರೆಯ ಮೇಗಲ ಬೀದಿಯ ಶಿವನಂಜಮ್ಮ. ಹೇಳಿದ್ದು ಹೋದ ಕಾರ್ತಿಕದಲ್ಲಿ, ಗುಮಟಾಪುರದ ಸಗಣಿ ಹಬ್ಬ ಮುಗಿದ ಮಾರನೆಯ ದಿನ, ತಮ್ಮ ಮನೆಯ ಜಗಲಿಯ ಮೇಲೆ ಮುಸುಕಿನ ಜೋಳದ ತೆನೆ ಬಿಡಿಸುತ್ತ. ಎಪ್ಪತ್ತೆರಡು ದಾಟಿದ ಆ ಹಿರಿಯರು ಅದನ್ನು ಊರಿನ ಸುದ್ದಿಯಂತೆ ಹೇಳಲಿಲ್ಲ, ಕತೆಯಂತೆ ಹೇಳಿದರು. "ಒಂದೂರಲ್ಲಿ ಒಬ್ಬ ಎಂಗ್ಸು. ಅವಳ್ಗೆ ಆನೆ ಅಂದ್ರೆ ಬಯ. ಆಡಗಲಲ್ಲೂ ಬಯ, ನಡುಬೀದೀಲೂ ಬಯ." ಕೇಳುತ್ತ ಕುಳಿತಿದ್ದವರು ನಕ್ಕರು. ಮುಂದೆ ಇದೇ ಕತೆಯನ್ನು ಊರಿನ ಇನ್ನಿಬ್ಬರು ಬೇರೆ ಬೇರೆಯಾಗಿ ಹೇಳಿದ್ದಾರೆ. ಒಬ್ಬರ ಪಾಠದಲ್ಲಿ ಆ ಹೆಂಗಸಿನ ಚೀಲ ನೀಲಿ, ಇನ್ನೊಬ್ಬರದರಲ್ಲಿ ಹಸಿರು. ವಿಚಾರಿಸಿ ನೋಡಿದರೆ ಚೀಲ ನೀಲಿಯೇ. ಹೆಂಗಸಿನ ಹೆಸರು ಪುಟ್ಟನಂಜಮ್ಮ. ಆನೆಯ ಭಯವೊಂದು ಮಾತ್ರ ಸುಳ್ಳು.

ಬೆಳಗಿನ ಆರು ಗಂಟೆ. ತಾಳಮಲೆಯ ದಿಕ್ಕಿನ ಕಾಡಿನ ಮೇಲೆ ಮಂಜು ಇನ್ನೂ ಎದ್ದಿಲ್ಲ. ಕೆಳಗಲ ಬೀದಿಯ ಕೊನೆಯಲ್ಲಿ, ಹೊಲಕ್ಕೆ ಅಂಟಿಕೊಂಡ ಎರಡಂಕಣದ ಮನೆಯ ಬಾಗಿಲಲ್ಲಿ ಪುಟ್ಟನಂಜಮ್ಮ ನಿಂತುಕೊಂಡೇ ಕಾಪಿ ಕುಡಿಯುತ್ತಿದ್ದಾರೆ. ವಯಸ್ಸು ನಲವತ್ತೇಳು. ಲೋಟ ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ. ರಾತ್ರಿ ಆನೆ ಕಾವಲಿಗೆ ಹೋದವರು ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದ ಸಂದೇಶವನ್ನು ಎರಡು ಸಲ ಓದುತ್ತಾರೆ: ಮೂರು ಆನೆ, ಕೆರೆಯ ಹಿಂದಿನಿಂದ ಕಾಡಿಗೆ ಮರಳಿವೆ. ಆದರೂ ಬೆಳಕು ಪೂರ್ತಿ ಹರಿಯುವವರೆಗೆ ಅವರು ಅಂಗಳ ದಾಟುವುದಿಲ್ಲ. ದಾಟುವುದಿಲ್ಲ ಎಂದರೆ ಕೂರುತ್ತಾರೆಂದಲ್ಲ. ಬಾಗಿಲಿಂದ ತೊಟ್ಟಿಗೆ, ತೊಟ್ಟಿಯಿಂದ ಬಾಗಿಲಿಗೆ ಹೋಗಿ ಬರುತ್ತಾರೆ. ನೀಲಿ ಚೀಲವನ್ನು ಬಿಚ್ಚಿ ಒಳಗಿನದನ್ನು ಮತ್ತೊಮ್ಮೆ ಮುಟ್ಟಿ ನೋಡುತ್ತಾರೆ. ರಕ್ತದೊತ್ತಡ ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ, ಅದರ ಪಟ್ಟಿಗಳು, ಸೂಜಿ, ಹತ್ತಿ, ತಿಂಗಳ ಮಾತ್ರೆಗಳ ಕಟ್ಟು, ತಮಿಳಿನಲ್ಲಿ ಅಂಕಣ ಹೊಡೆದ ದಪ್ಪನೆಯ ರಿಜಿಸ್ಟರು. ಎಲ್ಲ ಸೇರಿ ಮೂರು ಕಿಲೋ.

ಆರೂಮುಕ್ಕಾಲಿಗೆ ಅವರು ಮೊದಲ ಮನೆಯಲ್ಲಿದ್ದಾರೆ. ಪ್ರಭುಸ್ವಾಮಿ ಐವತ್ತೆಂಟರ ರೈತ, ಆರು ಎಕರೆಯ ಒಡೆಯ, ಐದು ವರ್ಷದಿಂದ ಸಕ್ಕರೆ ಕಾಯಿಲೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಅಂಕಿ ನೋಡಿ, ಬರೆದುಕೊಂಡು, ಮಾತ್ರೆ ತಪ್ಪಿಸಿಲ್ಲ ತಾನೇ ಎಂದು ಎರಡೆರಡು ಸಲ ಕೇಳಿದ ಮೇಲೆ ಪುಟ್ಟನಂಜಮ್ಮ ಚೀಲವನ್ನು ಮುಚ್ಚಿ ಜಗಲಿಯ ಮೇಲೇ ಬಿಡುತ್ತಾರೆ.

"ಆನೆ ಅದೆಯಂತೆ ಕಣಣ್ಣ. ಮುಂದ್ಲಟ್ಟಿ ಗಂಟ ಬುಟ್ ಬಾ."

ಪ್ರಭುಸ್ವಾಮಿ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಾರೆ. ಚೀಲವನ್ನು ಹೆಗಲಿಗೇರಿಸಿ ಬೀದಿಯ ಎರಡೂ ಕಡೆ ನೋಡುತ್ತಾರೆ. ಬೀದಿಯಲ್ಲಿ ಒಂದು ಕೋಳಿ ಇದೆ.

"ಎಲ್ಲವ್ವಾ ಆನೆ?"

"ನೀ ಎದ್ದೆಯಲ್ಲ, ಓಯ್ತು."

ಈ ಮಾತು ಇಬ್ಬರ ನಡುವೆ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಇಬ್ಬರೂ ನಗದೆ ಮುಂದಿನ ಮನೆಯ ಕಡೆ ಹೆಜ್ಜೆ ಹಾಕುತ್ತಾರೆ. ಅಲ್ಲಿಂದ ಚೀಲ ಮತ್ತೊಬ್ಬರ ಹೆಗಲೇರುತ್ತದೆ. ಒಂದು ಮನೆಯಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಅದನ್ನು ಮುಂದಿನ ಮನೆಗೆ ಮುಟ್ಟಿಸಬೇಕು. ಹೀಗೆ ಚೀಲ ಊರನ್ನು ಸುತ್ತುತ್ತದೆ. ದಿನಕ್ಕೆ ಹದಿನಾಲ್ಕರಿಂದ ಹದಿನಾರು ಮನೆ. ಅವರ ಪಾಲಿಗೆ ಬಂದಿರುವುದು ಇನ್ನೂರ ಹನ್ನೆರಡು ಮನೆ, ಅವುಗಳಲ್ಲಿ ಒತ್ತಡವೋ ಸಕ್ಕರೆಯೋ ಎರಡೂವೋ ಇರುವವರು ಎಂಬತ್ತೆಂಟು ಮಂದಿ. ಸರ್ಕಾರದ ಮನೆಬಾಗಿಲ ಆರೋಗ್ಯ ಕೆಲಸದಲ್ಲಿ ಸ್ವಯಂಸೇವಕಿಯಾಗಿ ಸೇರಿ ಮೂರು ವರ್ಷ ತುಂಬಿದೆ. ವಾರಕ್ಕೊಮ್ಮೆ ವರದಿ ಒಪ್ಪಿಸಲು ಆರೋಗ್ಯ ಕೇಂದ್ರಕ್ಕೆ ಹೋದಾಗ ಅಲ್ಲಿನ ನರ್ಸಮ್ಮ ಕೇಳುವುದು "ಎತ್ತನೆ ವೀಡು" ಎಂದಷ್ಟೇ. ಎಷ್ಟು ಮನೆ ಎಂಬುದಕ್ಕೆ ರಿಜಿಸ್ಟರಿನಲ್ಲಿ ಅಂಕಣವಿದೆ. ಎಷ್ಟು ಮಂದಿ ಎದ್ದರು ಎಂಬುದಕ್ಕಿಲ್ಲ. ಅದನ್ನು ಪುಟ್ಟನಂಜಮ್ಮ ಅಂಚಿನಲ್ಲಿ ಕನ್ನಡದಲ್ಲಿ ಗುರುತು ಮಾಡುತ್ತಾರೆ: ಎದ್ದವರಿಗೆ ಒಂದು ಗೆರೆ, ಏಳದವರಿಗೆ ಒಂದು ಚುಕ್ಕಿ.

ಈ ಚುಕ್ಕಿಗಳ ಹಿಂದೆ ಒಂದು ಸಾವಿದೆ.

ಪುಟ್ಟನಂಜಮ್ಮನ ಗಂಡ ಮಾದಯ್ಯನಿಗೆ ಮೂರೂವರೆ ಎಕರೆ ಹೊಲ, ಒಂದು ಕೊಳವೆಬಾವಿ. ಹೊಲದ ತುದಿಯಲ್ಲಿದ್ದ ಪಂಪ್‌ಮನೆಗೆ ಅವರು ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತಿದ್ದರು. ಕರೆಂಟು ಬಂದಾಗೊಮ್ಮೆ, ಹೋದಾಗೊಮ್ಮೆ, ನೀರಿನ ಮಡೆ ತಿರುವಲು ಎರಡು ಸಲ. ಆಮೇಲೆ ಫೋನಿನಿಂದಲೇ ಮೋಟಾರು ಹೊರಡಿಸುವ ಪೆಟ್ಟಿಗೆ ಬಂತು. ಒಂದು ಕರೆ ಮಾಡಿದರೆ ಮೋಟಾರು ಹೊರಡುತ್ತದೆ, ಇನ್ನೊಂದು ಮಾಡಿದರೆ ನಿಲ್ಲುತ್ತದೆ. ಹೊರಟಾಗಲೂ ನಿಂತಾಗಲೂ ಫೋನಿಗೆ ತಮಿಳಿನಲ್ಲಿ ಒಂದು ಸಾಲು ಬರುತ್ತದೆ. ಸೋಲಾರ್ ಬೇಲಿ ಬಂದ ಮೇಲೆ ಹಗಲಿನ ಕಾವಲೂ ತಪ್ಪಿತು. ಉಳುವುದಕ್ಕೆ ಟ್ರಾಕ್ಟರು, ಹೊಲದಂಚಿಗೆ ಹೋಗಲು ಬೈಕು. ಮೂರು ವರ್ಷದಲ್ಲಿ ಮಾದಯ್ಯನಿಗೆ ಹೊಟ್ಟೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ಒತ್ತಡವನ್ನಾಗಲಿ ಸಕ್ಕರೆಯನ್ನಾಗಲಿ ಯಾರೂ ನೋಡಿರಲಿಲ್ಲ. ನೋಡಿಸಬೇಕೆಂದು ಅನ್ನಿಸಿರಲೂ ಇಲ್ಲ. ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಹಿಟ್ಟುಂಡು ಜಗಲಿಗೆ ಒರಗಿದವರು ಮತ್ತೆ ಏಳಲಿಲ್ಲ. ಐವತ್ತೊಂದು ವರ್ಷ. ಕೈಯಲ್ಲಿ ಫೋನಿತ್ತು.

"ಮೋಟ್ರು ಓಡ್ತಾನೇ ಇತ್ತು," ಎನ್ನುತ್ತಾರೆ ಪುಟ್ಟನಂಜಮ್ಮ. ಹೇಳುವಾಗಲೂ ನಿಂತ ಕಡೆ ನಿಲ್ಲುವುದಿಲ್ಲ. "ಅರಿಸ್ನದ ಒಲ ಕೆರೆ ಆಗೋಗಿತ್ತು. ಸಂಜೆ ಮಣ್ಣು ಮಾಡಿ ಬಂದ್ಮೇಲೆ ಯಾರೋ ಯೋಳುದ್ರು. ನಾನೇ ಓಗಿ ಕೈಯಾರ ಆಫ್ ಮಾಡ್ದೆ. ಅವತ್ನಿಂದ ನಂಗೆ ಕುಂತ್ರೆ ಎದೆ ಡವಡವ ಅಂತದೆ."

ಕೂತಿದ್ದರಿಂದಲೇ ಸತ್ತರೆಂದು ಅವರು ಹೇಳುವುದಿಲ್ಲ. ಡಾಕ್ಟರೂ ಹಾಗೆ ಹೇಳಲಿಲ್ಲವಂತೆ. ನೋಡದೆ ಬಿಟ್ಟ ಒತ್ತಡ, ನೋಡದೆ ಬಿಟ್ಟ ಸಕ್ಕರೆ, ಅವುಗಳ ಜೊತೆಗೆ ದಿನವಿಡೀ ಕೂತ ಮೈ, ಮೂರೂ ಸೇರಿದವು ಎಂದರಂತೆ. ಮೊದಲಿನ ಎರಡಕ್ಕೆ ಚೀಲದಲ್ಲಿ ಯಂತ್ರವಿದೆ. ಮೂರನೆಯದನ್ನು ಅಳೆಯುವುದಕ್ಕೆ ಕಣ್ಣು ಬಿಟ್ಟರೆ ಬೇರೆ ಸಾಧನವಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವರು ಮೇಗಲ ಬೀದಿಗೆ ಹೋಗುವಾಗ ಏಳು ಗಂಟೆಗೆ ಜಗಲಿಗಳ ಮೇಲೆ ಹನ್ನೊಂದು ಗಂಡಸರನ್ನು ಎಣಿಸಿದರು. ಮಧ್ಯಾಹ್ನ ಒಂದು ಗಂಟೆಗೆ ಮರಳುವಾಗ ಅವರಲ್ಲಿ ಒಂಬತ್ತು ಮಂದಿ ಅದೇ ಕಂಬಕ್ಕೆ ಒರಗಿದ್ದರು. "ನೆಳ್ಳು ಆ ಕಡೆಯಿಂದ ಈ ಕಡೀಕೆ ತಿರ್ಗಿತ್ತು ಕಣಪ್ಪ. ಅವ್ರು ತಿರ್ಗಿರ್ನಿಲ್ಲ."

ತರಬೇತಿಯಲ್ಲಿ ಹೇಳಿಕೊಟ್ಟಂತೆ ಅವರು ಮನೆಮನೆಗೂ ವಾಕಿಂಗ್ ಮಾಡಿರೆಂದು ಹೇಳಿದರು. ನಾವು ಹೊಲ ಗೇಯುವವರು, ನಮಗೆ ನಡೆಯುವುದನ್ನು ಕಲಿಸುತ್ತೀಯಾ ಎಂದು ಎಲ್ಲರೂ ನಕ್ಕರು. ಒಬ್ಬರು ಮಾತ್ರ ಹೇಳಿದ ಮಾತು ಕೇಳಿದರು. ಅವರೇ ಪ್ರಭುಸ್ವಾಮಿ. ಮರುದಿನ ಬೆಳಕು ಹರಿಯುತ್ತಲೇ, ಹೇಳಿಕೊಟ್ಟಂತೆ ಕೈಯಲ್ಲಿ ಏನೂ ಇಲ್ಲದೆ, ಬಿರಬಿರನೆ ಮೇಗಲ ಬೀದಿಯಲ್ಲಿ ನಡೆದರು. ಈ ಸೀಮೆಯಲ್ಲಿ ಬೆಳಗಿನ ಹೊತ್ತು ಕುಡಗೋಲಾಗಲಿ ತಂಬಿಗೆಯಾಗಲಿ ಇಲ್ಲದೆ ಬರಿಗೈಯಲ್ಲಿ ಅವಸರವಾಗಿ ಹೋಗುವವನು ಸಾವಿನ ಸುದ್ದಿ ಒಯ್ಯುವವನು. ಅವನನ್ನು ತಡೆದು ಕೇಳಬಾರದು, ಹಿಂದೆ ಹೊರಡಬೇಕು. ಮೊದಲನೆಯ ಮನೆಯವರು ಒಲೆ ಆರಿಸಿದರು. ಎರಡನೆಯ ಮನೆಯವರು ಹೆಗಲಿಗೆ ಟವೆಲು ಹಾಕಿಕೊಂಡು ಹಿಂದೆ ಬಂದರು. ಪ್ರಭುಸ್ವಾಮಿ ಊರ ಕೊನೆಗೆ ಹೋಗಿ ತಿರುಗಿದಾಗ ಹಿಂದೆ ಇಪ್ಪತ್ತು ಜನ ನಿಂತಿದ್ದರು. ಮನೆಗೆ ಬಂದರೆ ಇಬ್ಬರು ಹೆಂಗಸರು ಅವರ ಹೆಂಡತಿಯನ್ನು ತಬ್ಬಿಕೊಂಡು ಸಮಾಧಾನ ಮಾಡುತ್ತಿದ್ದರು.

"ನನ್ ಸಾವ್ಗೆ ನಾನೇ ಓಗಿ ಕರ್ದಂಗಾಯ್ತು," ಎಂದು ಅವರು ಈಗ ಹೇಳುತ್ತಾರೆ. ಆಮೇಲೆ ಊರಿನಲ್ಲಿ ಯಾರೂ ವಾಕಿಂಗಿನ ಹೆಸರೆತ್ತಲಿಲ್ಲ. ಯಾರಾದರೂ ಸ್ವಲ್ಪ ಜೋರಾಗಿ ನಡೆದರೆ, "ಯಾರ್ಲಾ ಸತ್ತೋದ್ರು?" ಎಂದು ಜಗಲಿಯಿಂದ ಕೇಳುವುದೊಂದು ಆಟವಾಯಿತು.

ದಾರಿ ತೋರಿಸಿದ್ದು ಆನೆ. ಒಂದು ದಿನ ನಿಜವಾಗಿಯೇ ಎರಡು ಆನೆ ಕಾಡಿಗೆ ಮರಳದೆ ಬಾಳೆತೋಟದಲ್ಲಿ ಉಳಿದಿದ್ದವು. ಸುದ್ದಿ ಬಂದಾಗ ಪುಟ್ಟನಂಜಮ್ಮ ಪ್ರಭುಸ್ವಾಮಿಯ ಮನೆಯಲ್ಲಿದ್ದರು. ಆನೆ ಹೊರಗಿರುವಾಗ ಮನೆಗೆ ಬಂದ ಹೆಣ್ಣುಮಗಳನ್ನು ಒಂಟಿಯಾಗಿ ಕಳಿಸುವ ಪದ್ಧತಿ ಈ ಬೆಟ್ಟದ ಊರುಗಳಲ್ಲಿಲ್ಲ. ಅವಳ ಕೈಯಲ್ಲಿ ಚೀಲ ಹೊರಿಸುವುದೂ ಇಲ್ಲ. ಪ್ರಭುಸ್ವಾಮಿ ತಾವಾಗಿಯೇ ಎದ್ದು ಚೀಲ ತೆಗೆದುಕೊಂಡು ಮುಂದಿನ ಮನೆಗೆ ಬಿಟ್ಟರು. ಹಿಂತಿರುಗುವಾಗ ದನ ನೋಡಿದರು, ಯಾರನ್ನೋ ಮಾತಾಡಿಸಿದರು, ಮನೆ ಸೇರಲು ಅರ್ಧ ಗಂಟೆ ಹಿಡಿಯಿತು. ನಡೆದೆನೆಂದು ಅವರಿಗೇ ತಿಳಿಯಲಿಲ್ಲ. ಪುಟ್ಟನಂಜಮ್ಮನಿಗೆ ತಿಳಿಯಿತು. ಮರುದಿನ ಆನೆ ಇರಲಿಲ್ಲ. ಆದರೂ ಅವರು ಚೀಲವನ್ನು ಜಗಲಿಯ ಮೇಲಿಟ್ಟು, ಆನೆ ಅದೆಯಂತೆ ಎಂದರು.

ಅಂದಿನಿಂದ ಅವರು ತಿಗನಾರೆಯಲ್ಲಿ ಆನೆಗೆ ಅತಿ ಹೆಚ್ಚು ಹೆದರುವ ಹೆಂಗಸು. ಬೆಳಗ್ಗೆ ಒಂದು ಸುತ್ತು, ಊಟದ ಹೊತ್ತಿಗೆ ಮಾತ್ರೆ ವಿಚಾರಿಸುವ ನೆಪದಲ್ಲಿ ಇನ್ನೊಂದು ಸುತ್ತು. ಉಂಡ ಮೇಲೆ ಹತ್ತು ನಿಮಿಷ ಕಾಲಾಡಿದರೆ ಸಕ್ಕರೆ ಏರುವುದು ಕಡಮೆಯೆಂದು ಅವರಿಗೆ ಹೇಳಿದ್ದಾರೆ, ಆದ್ದರಿಂದ ಆ ಹೊತ್ತಿಗೇ ಅವರಿಗೆ ಹೆದರಿಕೆ ಜಾಸ್ತಿ. ಮಾತ್ರೆ ಬಿಡಿರೆಂದು ಯಾರಿಗೂ ಹೇಳುವುದಿಲ್ಲ. ಬಿಟ್ಟವರನ್ನು ಬೀದಿಯಲ್ಲೇ ಬೈಯುತ್ತಾರೆ. ಪವಾಡವೇನೂ ಆಗಿಲ್ಲ. ರಿಜಿಸ್ಟರಿನ ಕೆಲವು ಅಂಕಿಗಳು ಇಳಿದಿವೆ, ಕೆಲವು ನಿಂತ ಕಡೆಯೇ ನಿಂತಿವೆ. ಒಂಬತ್ತು ಚುಕ್ಕಿಗಳಲ್ಲಿ ಎಂಟು ಗೆರೆಗಳಾಗಿವೆ.

ಉಳಿದ ಒಂದು ಚುಕ್ಕಿ ದೊಡ್ಡಯ್ಯನದು.

ದೊಡ್ಡಯ್ಯ ಮಾದಯ್ಯನ ಒಡಹುಟ್ಟಿದ ಅಣ್ಣ. ಅರವತ್ತೊಂದು ವರ್ಷ. ಮೇಗಲ ಬೀದಿಯಲ್ಲಿ, ಶಿವನಂಜಮ್ಮನ ಎದುರು ಮನೆ, ಅಣ್ಣತಮ್ಮಂದಿರು ಹುಟ್ಟಿ ಬೆಳೆದ ಹಳೆಯ ಮನೆ ಅವರದು. ಇಬ್ಬರ ಪಂಪ್‌ಮನೆಗಳೂ ಅಕ್ಕಪಕ್ಕ. ಫೋನಿನ ಪೆಟ್ಟಿಗೆಗಳನ್ನು ಸತ್ಯಮಂಗಲದಿಂದ ಒಂದೇ ದಿನ, ತನಗೊಂದು ತಮ್ಮನಿಗೊಂದು ಎಂದು ತಂದವರು ಅವರೇ. ತಮ್ಮ ಸತ್ತ ಮೇಲೆ ಅವರು ಪಂಪ್‌ಮನೆಯ ದಾರಿ ತುಳಿದಿಲ್ಲ. ಪುಟ್ಟನಂಜಮ್ಮ ತಮ್ಮ ಪೆಟ್ಟಿಗೆಯನ್ನು ಕೀಳಿಸಿ ಕೈಯಿಂದಲೇ ಮೋಟಾರು ಹಾಕುತ್ತಾರೆ. ದೊಡ್ಡಯ್ಯ ಜಗಲಿಯ ಕಂಬಕ್ಕೆ ಒರಗಿ ಫೋನಿನಿಂದ ಹಾಕುತ್ತಾರೆ. ಊಟವಾದ ಮೇಲಿನ ಸಕ್ಕರೆ ಇನ್ನೂರ ಎಂಬತ್ತಾರು. ಒತ್ತಡ ನೂರ ಅರವತ್ತು. ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಳಚಿದ್ದು ತಿಳಿಯುವುದಿಲ್ಲ.

ಅವರನ್ನು ಎಬ್ಬಿಸಲು ಆನೆಯ ಮಾತು ಸಾಲದು. ಗಂಡನ ಅಣ್ಣನೊಡನೆ ತಮ್ಮನ ಹೆಂಡತಿ ನೇರವಾಗಿ ಮಾತಾಡುವುದಿಲ್ಲ; ಜೊತೆಯಲ್ಲಿ ದಾರಿ ನಡೆಯುವುದಂತೂ ಇಲ್ಲವೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಇವರಿಬ್ಬರ ನಡುವೆ ಒಂದು ಮಾತೂ ನಡೆದಿಲ್ಲ. ದೊಡ್ಡಯ್ಯನ ತೋಳಿಗೆ ಪಟ್ಟಿ ಸುತ್ತುವುದು ಅವರ ಸೊಸೆ ಮಾಲಿನಿ. ಸೆರಗು ತಲೆಗೆಳೆದುಕೊಂಡು ಪುಟ್ಟನಂಜಮ್ಮ ನಾಲ್ಕು ಮಾರು ದೂರದಲ್ಲಿ ನಿಲ್ಲುತ್ತಾರೆ.

"ಮಾಲಿನಿ, ಎಡಗೈ ಚಾಚ್ಬೇಕಂತೆ ಅಂತ ನಿಮ್ಮಾವಂಗೆ ಯೋಳು."

"ಚಾಚಿವ್ನಿ ಅಂತ ನಿಮ್ ಚಿಕ್ಕತ್ತೆಗೆ ಯೋಳವ್ವ."

ನಡುವೆ ನಿಂತ ಮಾಲಿನಿ ಯಾರಿಗೂ ಏನೂ ಹೇಳುವುದಿಲ್ಲ. ಇಬ್ಬರಿಗೂ ಕೇಳಿರುತ್ತದೆ.

ಮೂರು ಸಲ ಪುಟ್ಟನಂಜಮ್ಮ ಯಂತ್ರವನ್ನು ಆ ಜಗಲಿಯ ಮೇಲೆ ಬೇಕೆಂದೇ ಮರೆತು ಬಂದರು, ತಂದುಕೊಡಲಾದರೂ ಏಳಲಿ ಎಂದು. ಮೂರು ಸಲವೂ ಅದು ದೊಡ್ಡಯ್ಯನ ಮಗ ಹರ್ಷವರ್ಧನನ ಬೈಕಿನಲ್ಲಿ ಐದು ನಿಮಿಷದಲ್ಲಿ ಮನೆಗೆ ಬಂತು. ಮಾಲಿನಿ ಚೀಲ ಹೊತ್ತು ಬರುತ್ತೇನೆಂದರೆ ಪುಟ್ಟನಂಜಮ್ಮ ಒಪ್ಪುವುದಿಲ್ಲ. "ಬೆಳಗ್ನಿಂದ ನಿಂತಿರೋಳು ನೀನು. ನಿಂಗ್ಯಾಕವ್ವ ಚೀಲ." ಹೀಗಾಗಿ ಊರೆಲ್ಲ ಬೇರೆಯವರ ಹೆಗಲ ಮೇಲೆ ಸುತ್ತುವ ನೀಲಿ ಚೀಲ, ಸರದಿಯ ಕೊನೆಯ ಮನೆಯಾದ ದೊಡ್ಡಯ್ಯನ ಮನೆಯಿಂದ ಪಂಪ್‌ಮನೆಗಳ ಪಕ್ಕದ ಅರ್ಧ ಮೈಲಿ ದಾರಿಯನ್ನು ಪ್ರತಿದಿನವೂ ಪುಟ್ಟನಂಜಮ್ಮನ ಹೆಗಲ ಮೇಲೆಯೇ ಕ್ರಮಿಸುತ್ತದೆ.

ಬಾವನ ಮೇಲೆ ಅವರಿಗೆ ಸಿಟ್ಟಿಲ್ಲ. "ಅವ್ರು ಸೋಂಬೇರಿ ಅಲ್ಲ. ಆ ಪೆಟ್ಗೆ ತಂದ್ನಲ್ಲಾ ಅನ್ನೋ ಸಂಕಟ ಅವರ್ನ ಕುಂಡ್ರಿಸ್ಬುಟ್ಟದೆ. ಒಂದ್ ಜಗ್ಲಿ ಕಂಡಾಯ್ತು ನಾನು. ಇನ್ನೊಂದ್ ಜಗ್ಲಿ ಕಾಣಾಕೆ ನನ್ ಕೈಲಾಗಕಿಲ್ಲ." ನಿಮಗೇನು ಬೇಕೆಂದು ಕೇಳಿದರೆ ಸನ್ಮಾನದ ಮಾತನ್ನಾಗಲಿ ಕೆಲಸ ಕಾಯಂ ಮಾಡುವ ಮಾತನ್ನಾಗಲಿ ಎತ್ತುವುದಿಲ್ಲ. ಬಾಗಿಲಿಂದ ತೊಟ್ಟಿಗೆ ಒಂದು ಸಲ ಹೋಗಿ ಬಂದು ಹೇಳುತ್ತಾರೆ: "ಒಂದಿನ ಬರಿಗೈಲಿ ಅಟ್ಟಿಗೆ ಓಗ್ಬೇಕು. ಕೈ ಬೀಸ್ಕಂಡು."

ಶಿವನಂಜಮ್ಮ ಕತೆಯನ್ನು ಎರಡನೆಯ ಸಲ ಹೇಳಿದ್ದು ಮಾಘದಲ್ಲಿ, ಅದೇ ಜಗಲಿಯ ಮೇಲೆ. ಈ ಸಲ ಮಡಿಲಲ್ಲಿದ್ದದ್ದು ಅವರೆಕಾಯಿ. ಸಂಜೆ ಐದು ಗಂಟೆ, ಬಿಸಿಲು ಇನ್ನೂ ಬೀದಿಯಲ್ಲಿತ್ತು. ಪ್ರಭುಸ್ವಾಮಿ ಬಂದಿದ್ದರು, ಅಕ್ಕಪಕ್ಕದ ನಾಲ್ಕಾರು ಮಂದಿ ಇದ್ದರು. ಅವರೆಕಾಯಿ ಬಿಡಿಸುವುದಕ್ಕೆ ಮಾಲಿನಿ ಬಂದಿದ್ದಳು. ಎದುರು ಮನೆಯಿಂದ ಹತ್ತು ಹೆಜ್ಜೆ ದಾಟಿ, ಅವರೆಯ ಸೊಗಡಿಗೋ ಏನೋ, ದೊಡ್ಡಯ್ಯನೂ ಬಂದು ಕಂಬಕ್ಕೆ ಒರಗಿದ್ದರು. ಮೋಟಾರು ಹಾಕಿ ಫೋನನ್ನು ಪಕ್ಕದಲ್ಲಿಟ್ಟುಕೊಂಡಿದ್ದರು. ಕೊನೆಯ ಅಂಕಿಗಳನ್ನು ಬರೆದು ಮುಗಿಸಿದ ಪುಟ್ಟನಂಜಮ್ಮ ಚೀಲವನ್ನು ಮೆಟ್ಟಿಲ ಮೇಲಿಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದರು.

ಎರಡು ಪಾಠಗಳಿಗೂ ಇರುವ ವ್ಯತ್ಯಾಸ ಒಂದೇ. ಕಾರ್ತಿಕದಲ್ಲಿ ಕತೆ ಎಂಟನೆಯ ಮನೆಗೆ ನಗೆಯೊಡನೆ ಮುಗಿದಿತ್ತು. ಮಾಘದಲ್ಲಿ ಶಿವನಂಜಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಎಂಟು ಅಟ್ಟಿಯವರೂ ಎದ್ದು ಅವಳನ್ನು ಬಿಟ್ಟು ಬಂದರು, ಒಂದು ಅಟ್ಟಿಯವರು ಮಾತ್ರ ಏಳಲಿಲ್ಲ ಎಂದರು. ಆ ಅಟ್ಟಿಯಿಂದ ಅವಳು ಒಬ್ಬಳೇ ಚೀಲ ಹೊತ್ತು ಹೋಗುತ್ತಾಳೆ, ಸತ್ತ ಗಂಡನ ಹೊಲದ ಪಕ್ಕದಲ್ಲೇ ಹೋಗುತ್ತಾಳೆ, ಅಲ್ಲಿ ಮಾತ್ರ ಅವಳಿಗೆ ನಿಜವಾಗಿ ಭಯ ಎಂದರು. ಆಮೇಲೆ ಕಾಯಿ ಬಿಡಿಸತೊಡಗಿದರು.

"ಆಮ್ಯಾಕೆ?" ಎಂದರು ಪ್ರಭುಸ್ವಾಮಿ.

"ಆಮ್ಯಾಕಿಂದು ನಂಗ್ ಗೊತ್ತಿಲ್ಲ ಕಣಪ್ಪ. ಕತೆ ಅಲ್ಲೇ ಕುಂತದೆ."

ಪುಟ್ಟನಂಜಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಚೀಲಕ್ಕೆ ಕೈ ಹಾಕಿದರು. ಚೀಲ ಅಲ್ಲಿರಲಿಲ್ಲ. ಒಂದು ಕೈಯಲ್ಲಿ ಕಂಬ ಹಿಡಿದು ದೊಡ್ಡಯ್ಯ ಎದ್ದು ನಿಂತಿದ್ದರು. ಚೀಲ ಅವರ ಹೆಗಲಿನಲ್ಲಿತ್ತು. ಎಡಗಾಲಿನಿಂದ ಚಪ್ಪಲಿ ತಡಕುತ್ತ, ಯಾರ ಮುಖವನ್ನೂ ನೋಡದೆ ಅವರೆಂದರು: "ಮಾಲಿನಿ, ನಿಮ್ ಚಿಕ್ಕತ್ತೆಗೆ ಯೋಳವ್ವ. ಆನೆ ಅದೆಯಂತೆ. ಮುಂದೆ ನಡೀಲಿ."

ಪುಟ್ಟನಂಜಮ್ಮ ಮುಂದೆ ನಡೆದರು. ಎರಡು ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ಮೊದಲು ಸೆರಗಿನಲ್ಲಿ ಅಡಗಿಸಿದರು, ಬೀದಿ ತಿರುಗುವಲ್ಲಿ ಬಿಟ್ಟರು. ಹತ್ತು ಮಾರು ಹಿಂದೆ ದೊಡ್ಡಯ್ಯ. ಎರಡು ಕಡೆ ನಿಂತು ಸುಧಾರಿಸಿಕೊಂಡರು. ಅವರು ನಿಂತಾಗ ತಿರುಗಿ ನೋಡದೆಯೇ ಇವರೂ ನಿಂತರು.

ಜಗಲಿಯಲ್ಲಿ ಯಾರೂ ಏಳಲಿಲ್ಲ. ಹದಿನೈದು ನಿಮಿಷವೋ ಇಪ್ಪತ್ತೋ ಕಳೆದಿರಬೇಕು. ಕಂಬದ ಬುಡದಲ್ಲಿ ದೊಡ್ಡಯ್ಯ ಬಿಟ್ಟುಹೋಗಿದ್ದ ಫೋನು ಒಮ್ಮೆ ಗುಂಯ್ ಎಂದಿತು. ಮಾಲಿನಿ ಎತ್ತಿ ನೋಡಿದಳು. ಮೋಟಾರು ನಿಂತಿದೆ ಎಂದು ತಮಿಳಿನಲ್ಲಿ ಒಂದು ಸಾಲು.

"ಫೋನು ಇಲ್ಲೇ ಅದೆಯಲ್ಲ," ಎಂದಳು ಮಾಲಿನಿ. "ಯಾರ್ ಆಫ್ ಮಾಡುದ್ರು?"

"ನಿಮ್ಮಾವ ಪಂಪ್‌ಮನೆ ಗಂಟ ಓಗವ್ರೆ ಕಣವ್ವ," ಎಂದು ಶಿವನಂಜಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದರು. ಮಾವ ಹೊತ್ತು ಮುಳುಗುವುದರೊಳಗೆ ಹಿಂತಿರುಗಲೆಂದು ಮಾಲಿನಿ ಬೈಕಿಲ್ಲದೆ ನಡೆದೇ ಎದುರುಗೊಳ್ಳಲು ಹೋದಳು. ಪ್ರಭುಸ್ವಾಮಿ ಚಪ್ಪಲಿ ಮೆಟ್ಟಿದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದು, ಮುಂದಿನ ಮನೆಯವರನ್ನು ಅವರ ಬಾಗಿಲಿಗೆ ಬಿಟ್ಟು, ತಮ್ಮ ತಮ್ಮ ಮನೆಗೆ ಹೋದರು.